ಬೆನ್ನಿಗೂ ಬಣ್ಣ

ಗ್ರಿಮ್ಸ್‌ಬಿ ಬಂದರಿನಲ್ಲಿ ಮೂವತ್ತು ವರ್ಷ ಬಲೆ ಹೆಣೆದವಳು ನಾನು.
ಮೀನು ಕೈಬಿಟ್ಟಿತು, ಹಡಗು ಗುಜರಿಗೆ ಹೋಯಿತು,
ಉಳಿದದ್ದು ಬೆರಳು, ಸುಮ್ಮನಿರಲಾರದ ಬೆರಳು.
ಈಗ ಸಿಪಾಯಿಗಳಿಗೆ ಬಣ್ಣ ಹಚ್ಚುತ್ತೇನೆ,
ಆಳಿಗೆ ಎರಡು ಪೌಂಡು, ಕುದುರೆಯಿದ್ದರೆ ನಾಲ್ಕು.

ಅಪ್ಪನ ಪೆಟ್ಟಿಗೆಯಲ್ಲಿ ಗಾಳಕ್ಕೆ ಕಟ್ಟುವ ಸೀಸದ ಗುಂಡುಗಳಿದ್ದವು.
ಮಂಬಿ ಒಯ್ದ, ಹಳೆಯ ಬಾಣಲೆಯಲ್ಲಿ ಕರಗಿಸಿ
ಅಚ್ಚಿಗೆ ಹೊಯ್ದು ತಂದ:
ಸ್ಯಾಕ್ಸನಿಯ ಇಪ್ಪತ್ತನಾಲ್ಕು ಜನ,
ಹೆಬ್ಬೆರಳ ಗೆಣ್ಣಿನೆತ್ತರದವರು.
ಇದೇ ಸೀಸವಲ್ಲವೇ ಅಂದು ಲೈಪ್‌ಜಿಗ್ ಬಯಲಲ್ಲಿ
ಗುಂಡಾಗಿ ಇಂಥವರ ಎದೆ ಹೊಕ್ಕದ್ದು?
ಕೊಂದದ್ದನ್ನೇ ಕರಗಿಸಿ ಸತ್ತವನನ್ನು ಎರೆಯುವುದು,
ಎಂದೆ.
ಮಂಬಿ ಚಹಾ ಕೇಳಿದ.

ಮೊದಲು ಎಲ್ಲರಿಗೂ ಕಪ್ಪು.
ಮಸಿಯಲ್ಲಿ ಮಿಂದೆದ್ದು ಹಲಗೆಯ ಮೇಲೆ ಸಾಲಾಗಿ ಒಣಗುತ್ತಾರೆ.
ಆಮೇಲೆ ಅಂಗಿ. ಅಂಗಿ ಬಿಳಿ.
ಬಿಳಿಯೆಂದರೆ ಬಿಳಿ ಬಳಿಯುವುದಲ್ಲ;
ಬೂದಿ, ಅದರ ಮೇಲೆ ಮೂಳೆ, ಅದರ ಮೇಲೆ ಹಳಸಿದ ಹಾಲು,
ಕೊನೆಗೆ ಮಡಿಕೆಯ ಅಂಚಿಗಷ್ಟೇ
ಒಂದೆಳೆ ಅಪ್ಪಟ ಬಿಳಿ.
ಕಾಲರಿಗೆ ಹಸಿರು. ಯಾವ ಹಸಿರು?
ಹುಲ್ಲಿನದೋ ಬಾಟಲಿಯದೋ ಎಂದು
ಕ್ಲಬ್ಬಿನ ಇಬ್ಬರು ಒಂದು ಚಳಿಗಾಲವಿಡೀ ಮಾತು ಬಿಟ್ಟಿದ್ದರು.
ನಾನು ಬಟಾಣಿಯ ಡಬ್ಬಿ ತೆರೆದೆ,
ನೋಡಿಕೊಂಡು ಹಚ್ಚಿದೆ.

ಕುಂಚವನ್ನು ತುಟಿಯಲ್ಲಿ ಚೂಪು ಮಾಡಬೇಡ, ವಿಷ,
ಅನ್ನುತ್ತಾಳೆ ಮಗಳು ಫೋನಿನಲ್ಲಿ.
ಹೂಂ ಅನ್ನುತ್ತೇನೆ, ನಾಲಗೆಯ ಮೇಲೆ ಹಸಿರು.

ಕಣ್ಣು ಕಡೆಗೆ.
ಬಿಟ್ಟ ಉಸಿರನ್ನು ಮತ್ತೆ ಎಳೆದುಕೊಳ್ಳುವ ಮುನ್ನ
ಆ ಸಂದಿನಲ್ಲಿ ಎರಡು ಚುಕ್ಕಿ.
ಹೊರಗೊಂದು ಲಾರಿ ಹೋಯಿತು; ಡೋಲಿನ ಹುಡುಗನ ಎಡಗಣ್ಣು
ಮೂಗಿನ ಕಡೆ ಜಾರಿತು.
ಒರೆಸಬಹುದಿತ್ತು. ಒರೆಸಲಿಲ್ಲ.
ಇಪ್ಪತ್ತನಾಲ್ಕು ಜನರಲ್ಲಿ ಒಬ್ಬ ಮೆಳ್ಳೆಗಣ್ಣನಾದರೂ ಇರದ
ಊರುಂಟೇ?

ಕಾಲಡಿಗೆ ಕ್ಲೀಥಾರ್ಪ್ಸ್ ಕಡಲ ಮರಳು,
ಅಕ್ಟೋಬರಿನ ತರಗೆಲೆಗೆ ಒಣಗಿಸಿದ ಚಹಾ ಚರಟ.
ಬೆನ್ನ ಚೀಲಕ್ಕೆ ಮೂರು ಪಟ್ಟಿ, ಪಟ್ಟಿಗೊಂದು ಬಕ್ಕಲು.
ಬೆನ್ನಿಗೂ ಇಷ್ಟೊಂದೇ, ಎಂದ ಮಂಬಿ, ಯಾರು ನೋಡುತ್ತಾರೆ?
ಬಲೆಯವಳಿಗೆ ಎದುರು ಯಾವುದು, ಬೆನ್ನು ಯಾವುದು;
ಸಡಿಲಾದ ಗಂಟು ಎಲ್ಲಿದ್ದರೂ
ಮೀನಿಗೆ ಅದೇ ಬಾಗಿಲು.

ಗುರುವಾರ, ಚರ್ಚಿನ ಹಿಂದಿನ ಹಾಲು. ಮೊದಲ ಸಲ ಹೋದೆ.
ಪಿಂಗ್‌ಪಾಂಗ್ ಮೇಜಿಗೆ ಹಸಿರು ಬಟ್ಟೆ ಹೊದಿಸಿದರೆ ಲೈಪ್‌ಜಿಗ್,
ಸ್ಪಂಜಿನ ಚೂರು ಕಾಡು.
ಫ್ರೆಂಚರ ಕಡೆ ಮಂಬಿ, ಅವನ ಸಾಲಿನಲ್ಲಿ ನನ್ನವರು;
ಎದುರಿಗೆ ಹಲ್ಲಿನ ಡಾಕ್ಟರು ಆಲ್ಡರ್‌ಸನ್.
ಹೊಸ ಬಣ್ಣದ ಪಡೆ ಮೊದಲ ದಿನವೇ ಓಡುತ್ತದಂತೆ,
ಇಲ್ಲಿಯವರ ನಂಬಿಕೆ.
ಸತ್ತವರನ್ನು ಎರಡು ಬೆರಳಲ್ಲಿ ಎತ್ತಿ
ಐಸ್‌ಕ್ರೀಮ್ ಡಬ್ಬಿಗೆ ಹಾಕುತ್ತಾರೆ;
ಮುಂದಿನ ಗುರುವಾರ ಎದ್ದು ಬರುತ್ತಾರೆ.
ಅಷ್ಟು ಸಾವು ನನಗೂ ಒಪ್ಪಿಗೆ.

ನನ್ನವರು ಓಡಲಿಲ್ಲ. ಸಾಯಲಿಲ್ಲ.
ದಾಳ ಉರುಳಿ ಆರು ಬಿತ್ತು,
ಆರು ಬಿದ್ದರೆ ಸ್ಯಾಕ್ಸನಿಯವರು ಪಕ್ಷ ಬದಲಿಸಬೇಕು.
ಅಂದು ನಿಜಕ್ಕೂ ಆದದ್ದು ಇದೇ ಅಲ್ಲವೇ,
ಎಂದರು ಆಲ್ಡರ್‌ಸನ್,
ಹಲ್ಲು ಕಿತ್ತಾದ ಮೇಲೆ ಆಡುವ ಮೆದು ದನಿಯಲ್ಲಿ.
ಒಬ್ಬೊಬ್ಬರನ್ನೇ ಎತ್ತಿದರು, ತಿರುಗಿಸಿ ನಿಲ್ಲಿಸಿದರು.
ಅದೇ ಅಂಗಿ, ಅದೇ ಬಟಾಣಿ ಹಸಿರು,
ಕಾಲಡಿಯಲ್ಲಿ ಅದೇ ಚಹಾ ಚರಟ.
ಎಲ್ಲೂ ಮತ್ತೆ ಬಣ್ಣ ಬೇಕಾಗಲಿಲ್ಲ.

ಅದುವರೆಗೆ ಮಂಬಿ ನೋಡಿದ್ದು ಬರೀ ಬೆನ್ನು,
ಮೂರು ಪಟ್ಟಿ, ಮೂರು ಬಕ್ಕಲು.
ಈ ಆಟದಲ್ಲಿ ತನ್ನವರ ಮುಖ
ಕಾಣುವುದು ಹಗೆಗೆ ಮಾತ್ರ.
ಬಗ್ಗಿದ. ಕನ್ನಡಕ ಹಣೆಗೇರಿಸಿದ.
ಇವನಿಗೆ ಮೆಳ್ಳೆಗಣ್ಣೇ? ಎಂದ.
ಲಾರಿ, ಎಂದೆ.
ಬಹಳ ಹೊತ್ತು ನೋಡಿದ.
ಆಮೇಲೆ ಫಿರಂಗಿಯ ಮೂತಿಯನ್ನು ಒಂದಂಗುಲ ಆಚೆಗೆ ಸರಿಸಿ,
ಕೈಯಲ್ಲೇ ಇದ್ದ ಅಳತೆಪಟ್ಟಿಯನ್ನು
ಮೇಜಿನಡಿ ಹುಡುಕತೊಡಗಿದ.